ಕಲೆಯಿಲ್ಲದ ತೋಳು

ನರಸಮ್ಮ ತನ್ನ ಮಗುವನ್ನು ಬಚ್ಚಿಟ್ಟಿರಲಿಲ್ಲ. ಬಚ್ಚಿಟ್ಟಿದ್ದಳೆಂದು ಮ್ಯಾಜಿಸ್ಟ್ರೇಟರ ಎದುರು ದೇವರ ಮೇಲೆ ಆಣೆಯಿಟ್ಟು ಹೇಳಿದವನು ನಾನು. ಅದು ಸುಳ್ಳು — ತಿಳಿದೂ ತಿಳಿದೂ ಹೇಳಿದ ಸುಳ್ಳು.

ಮಗುವಿನ ಹೆಸರು ಸುಬ್ಬಿ. ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿತ್ತು. ಸಿಡುಬಿನಲ್ಲಿ ಹೋಯಿತು. ತಾಯಿಯ ಮೂಢನಂಬಿಕೆಯಿಂದ ಹೋಯಿತೆಂದು ಊರು ನಂಬಿತು, ಕಾನೂನೂ ನಂಬಿತು. ಹೋದದ್ದು ನನ್ನಿಂದ.

ನಾನು ದಾಕು ಹಾಕುವವನು. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಔಷಧ ಚುಚ್ಚುವ ಸರಕಾರಿ ನೌಕರ. ಮನೆ ಶಿವಮೊಗ್ಗದಲ್ಲಿ, ಕೆಲಸ ಭದ್ರಾವತಿಯಲ್ಲಿ. ಮಾತು ಕಲಿತದ್ದು ಹೊಳಲೂರಿನ ನನ್ನಜ್ಜಿಯಿಂದ. ಕತೆ ಹೇಳಲು ಕೂತರೆ ಹಾಲು ಉಕ್ಕಿದ್ದೂ ತಿಳಿಯದಂತೆ ಕೇಳಿಸುತ್ತಿದ್ದ ಮುದುಕಿ ಅವಳು. ಆ ಚಟ ನನಗೂ ಹತ್ತಿತು. ರೈಲಿನಲ್ಲಿ, ಮದುವೆಮನೆಯ ಜಗಲಿಯಲ್ಲಿ ನನ್ನ ಸುತ್ತ ಜನ ಸೇರುತ್ತಾರೆ. ಸಾವಿರ ಸಂಗತಿ ಹೇಳಿ ನಗಿಸಿದ್ದೇನೆ. ಇದೊಂದನ್ನು ಮಾತ್ರ ಹೆಂಡತಿಗೂ ಹೇಳಿಲ್ಲ.

ಹೇಳುತ್ತೇನೆ. ಮೊದಲಿನಿಂದಲೇ ಹೇಳಬೇಕು, ಇಲ್ಲದಿದ್ದರೆ ಮಧ್ಯದಲ್ಲೆಲ್ಲೋ ನನ್ನನ್ನು ನಾನೇ ಉಳಿಸಿಕೊಂಡುಬಿಡುತ್ತೇನೆ.

ಆ ಕಾಲದ ಔಷಧ ನೀರಿನ ರೂಪದ್ದು. ಸಣ್ಣ ಗಾಜಿನ ನಳಿಕೆಗಳಲ್ಲಿ ಬೆಂಗಳೂರಿನಿಂದ ಬರುತ್ತಿತ್ತು. ಅದಕ್ಕೆ ಬಿಸಿಲೆಂದರೆ ಸಾವು. ಐಸಿನಲ್ಲಿ ಇದ್ದಷ್ಟು ಹೊತ್ತು ಜೀವ; ಐಸು ಕರಗಿ ಡಬ್ಬಿ ಬೆಚ್ಚಗಾಯಿತೆಂದರೆ ಸ್ವಲ್ಪ ಹೊತ್ತಿನಲ್ಲೇ ಅದು ಬರಿಯ ನೀರು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದೇ ಬಣ್ಣ, ಅದೇ ಹನಿ. ಔಷಧ ಹಿಡಿದಿದ್ದರೆ ಒಂದು ವಾರಕ್ಕೆ ತೋಳಿನಲ್ಲಿ ಗುಳ್ಳೆ ಏಳುತ್ತದೆ, ಒಣಗಿ ಜೀವಮಾನವಿಡೀ ಕಲೆಯಾಗಿ ಉಳಿಯುತ್ತದೆ. ಹಿಡಿಯದಿದ್ದರೆ ಕೆರೆದ ಗೀರು ಮಾಯುತ್ತದೆ, ಅಷ್ಟೇ — ಗುರುತೇ ಇರುವುದಿಲ್ಲ.

ಐಸನ್ನು ಬೆಳಿಗ್ಗೆ ಶಿವಮೊಗ್ಗದ ಖಾದರ್ ಸಾಹೇಬರ ಸೋಡಾ ಅಂಗಡಿಯಿಂದ ಕೊಳ್ಳುತ್ತಿದ್ದೆ. ಡಬ್ಬಿಗೆ ತುಂಬಿ, ಮೇಲೆ ಮರದ ಹೊಟ್ಟು ಒತ್ತಿ ಕೊಡುವರು.

“ಏನ್ ಸಾಬ್, ದಿನಾ ಐಸು ಒಯ್ತೀರಿ. ಭದ್ರಾವತೀಲಿ ಶರಬತ್ ಅಂಗಡಿ ಇಟ್ಟಿದೀರಾ?”

“ಹೌದು ಸಾಹೇಬ್ರೇ, ಬನ್ನಿ, ನಿಮಗೊಂದು ಲೋಟ ಪುಕ್ಕಟೆ.”

ಹೀಗೆ ನಗುತ್ತ ರೈಲು ಹತ್ತುತ್ತಿದ್ದೆ.

ಭದ್ರಾವತಿಯಲ್ಲಿ ಇಳಿದರೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಆಚೆಗೇ ಜಾಡಮಾಲಿಗಳ ಕೇರಿ. ಊರಿನ ಪಾಯಿಖಾನೆ ಎತ್ತುವ ಜನ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಹತ್ತಿರವಿದ್ದುದರಿಂದ ಮೊದಮೊದಲು ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅದನ್ನು ಮುಗಿಸಿ ಪೇಟೆಯ ಚನ್ನಬಸಮ್ಮನವರ ಮನೆಗೆ ಹೋದೆ. ನಮ್ಮ ಪೈಕಿಯವರೇ, ದೊಡ್ಡ ಮನೆತನ. ಬಾಗಿಲಲ್ಲೇ ನಿಲ್ಲಿಸಿದರು.

“ಎಲ್ಲಿಂದ ಬಂದ್ಯೋ ತಮ್ಮ?”

“ಸ್ಟೇಷನ್ ಕೇರಿ ಮುಗಿಸ್ಕೊಂಡು ಬಂದೆ ಅಮ್ಮ.”

“ಆ ಕೈಯಲ್ಲಿ ನನ್ನ ಮೊಮ್ಮಗನ್ನ ಮುಟ್ತೀಯಾ? ಹೊಳಲೂರಿನ ಮನೆಯವನು, ನಿಂಗೆ ಹೇಳಿಕೊಡಬೇಕೇನೋ? ಹೋಗು, ಸ್ನಾನ ಮಾಡ್ಕೊಂಡು ನಾಳೆ ಬಾ.”

ಅವರ ನಂತರ ಇಡೀ ಬೀದಿ ಬಾಗಿಲು ಹಾಕಿಕೊಂಡಿತು. ನಮ್ಮ ಇನ್ಸ್‌ಪೆಕ್ಟರರಿಗೆ ದೂರು ಹೋಯಿತು. ಅವರು ಒಳ್ಳೆಯವರೇ, ಬೈಯಲಿಲ್ಲ. “ಅಲ್ಲಾ ಮಾರಾಯರೇ, ಉಲ್ಟಾ ಯಾಕೆ ಹೋಗ್ತೀರಿ? ಕೇರೀನ ಕೊನೆಗಿಟ್ಕೊಳ್ಳಿ. ನಿಮಗೂ ಸ್ನಾನ ಒಂದೇ ಸಲ, ಊರಿಗೂ ನೆಮ್ಮದಿ,” ಎಂದರು.

ಹಾಗೆ ಮುಟ್ಟಬಾರದೆನ್ನುವುದೇ ಅಪರಾಧವೆಂಬ ಕಾನೂನು ಆ ಹೊತ್ತಿಗೆ ಬಂದಾಗಿತ್ತು. ಅದನ್ನು ಚನ್ನಬಸಮ್ಮನವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ — ಧೈರ್ಯವೆಂದು ಯಾಕೆ ಹೇಳಲಿ, ಮನಸ್ಸೇ ಬರಲಿಲ್ಲ. ನಮ್ಮ ಮನೆಯ ಹಿತ್ತಲಲ್ಲೂ ಅದೇ ನಡೆಯುತ್ತಿತ್ತು.

ಅಂದಿನಿಂದ ರೈಲಿಳಿದವನು ಕೇರಿಯನ್ನು ದಾಟಿ ಪೇಟೆಗೆ, ಅಲ್ಲಿಂದ ಕಾರ್ಖಾನೆಯ ಅಧಿಕಾರಿಗಳ ಬಂಗಲೆಗಳಿಗೆ, ಕಾರ್ಮಿಕರ ಸಾಲುಮನೆಗಳಿಗೆ ಹೋಗಿ, ಬಿಸಿಲು ನೆತ್ತಿಯಿಂದ ಜಾರಿದ ಮೇಲೆ ಕೇರಿಗೆ ಬರುತ್ತಿದ್ದೆ. ಆಗ ಡಬ್ಬಿಯ ಹೊಟ್ಟು ಒದ್ದೆ, ಒಳಗೆ ಬೆಚ್ಚನೆಯ ನೀರು. ಆ ನೀರಿನಲ್ಲಿ ಕೈಯಾಡಿಸಿ ನಳಿಕೆ ತೆಗೆಯುವಾಗಲೇ ನನಗೆ ಗೊತ್ತಿರುತ್ತಿತ್ತು. ಆದರೂ ಕೇರಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋಳು ಕೆರೆಯುತ್ತಿದ್ದೆ. ಅಳುತ್ತಿದ್ದವು. “ಆಯ್ತು ಆಯ್ತು” ಎಂದು ಸಮಾಧಾನ ಬೇರೆ ಮಾಡುತ್ತಿದ್ದೆ.

ನರಸಮ್ಮ ಪೇಟೆಯ ಮನೆಗಳ ಹಿತ್ತಲಿಗೆ ಹೋಗುವವಳು. ಗಂಡ ಎಲ್ಲಯ್ಯ ಘಟ್ಟದ ಕಡೆ ಅಣೆಕಟ್ಟೆಯ ಕೆಲಸಕ್ಕೆ ಹೋಗಿದ್ದ. ಇಬ್ಬರು ಹೆಣ್ಣುಮಕ್ಕಳು, ದೊಡ್ಡದು ಗಂಗಿ, ಚಿಕ್ಕದು ಸುಬ್ಬಿ. ನಾನು ಅವಳನ್ನು ‘ನರಸಿ’ ಎನ್ನುತ್ತಿದ್ದೆ, ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದರೂ. ವಾರ ಕಳೆದು ನಾನು ಮತ್ತೆ ಕೇರಿಗೆ ಹೋದಾಗ ಎರಡೂ ಮಕ್ಕಳನ್ನು ಮುಂದೆ ತಂದು ನಿಲ್ಲಿಸಿದಳು.

“ಬುದ್ಧಿ, ಇವಕ್ಕೆ ಗುಳ್ಳೆ ಎದ್ದಿಲ್ಲ. ಪೇಟೆ ಮಕ್ಳಿಗೆಲ್ಲ ಎದ್ದೈತೆ, ಹಿತ್ಲಿಂದ ನೋಡ್ದೆ. ಇನ್ನೊಂದು ಸಲ ಹಾಕಿ.”

ಹಾಕಿದೆ. ಅದೇ ಮಧ್ಯಾಹ್ನದ ಡಬ್ಬಿಯಿಂದ. ಮತ್ತೂ ಏಳಲಿಲ್ಲ. ಮತ್ತೆ ಕೇಳಿದಳು. ಆಗ ನಾನು ಹೇಳಿದ ಮಾತು ಇದು —

“ನಿಮ್ಮ ಜನದ ಮೈ ಗಟ್ಟಿ ಕಣೇ. ಏಳಲ್ಲ. ಏಳದಿದ್ರೆ ಒಳ್ಳೇದೇ.”

ಮೈ ಗಟ್ಟಿ. ದಿನವೂ ಹೊಲಸು ಹೊತ್ತು ಬದುಕುವವರ ಮೈ ನಮ್ಮದಕ್ಕಿಂತ ಬೇರೆಯೆಂದು ನಮ್ಮಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದ ಮಾತು. ಔಷಧದ ವಿಷಯ ಓದಿದ ನಾನೂ ಅದನ್ನೇ ಆಡಿದೆ.

ಅವಳು ನಂಬಲಿಲ್ಲ. “ಹಂಗಾದ್ರೆ ಬೆಳಿಗ್ಗೆ ನಾನೇ ಸ್ಟೇಷನ್‌ಗೆ ಬರ್ತೀನಿ ಬುದ್ಧಿ. ರೈಲಿಳೀತಿದ್ದಂಗೆ ಹಾಕ್ಬಿಡಿ. ಹೊಸಾ ಔಷ್ದ ಇರ್ತೈತಲ್ಲ.” ನಾನು ಹೂಂ ಎಂದೆ.

ಬಂದಿದ್ದಳು. ಕೆಲಸಕ್ಕೆ ತಡವಾಗಿ ಬೈಸಿಕೊಳ್ಳುವುದನ್ನೂ ಲೆಕ್ಕಿಸದೆ, ಸುಬ್ಬಿಯನ್ನು ಸೊಂಟಕ್ಕೇರಿಸಿ ಗಂಗಿಯ ಕೈ ಹಿಡಿದು ಸ್ಟೇಷನ್ನಿನ ಗೇಟಿನ ಹೊರಗೆ ನಿಂತಿದ್ದಳು. ಮಗುವಿಗೆ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ನನ್ನ ಡಬ್ಬಿಯಲ್ಲಿ ಐಸು ಗಟ್ಟಿಯಾಗಿತ್ತು, ಹಿಡಿದ ಬೆರಳು ಮರಗಟ್ಟುವಷ್ಟು. ಒಂದೆರಡು ನಿಮಿಷದ ಕೆಲಸ. ಆದರೆ ಅದೇ ರೈಲಿನಿಂದ ಪೇಟೆಯ ಜನ ಇಳಿಯುತ್ತಿದ್ದರು, ಪರಿಚಯದವರು, ನಮಸ್ಕಾರ ಹೇಳುವವರು. ಅವರ ಎದುರಿಗೆ ಅವಳ ಮಗುವಿನ ತೋಳು ಹಿಡಿಯಬೇಕು. ಆಮೇಲೆ ಅವರದೇ ಬಾಗಿಲಿಗೆ ಹೋಗಬೇಕು —

ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದು ಗೂಡ್ಸ್ ಶೆಡ್ಡಿನ ಹಿಂದಿನಿಂದ ಹೊರಟುಹೋದೆ.

ಇಷ್ಟೇ ನಾನು ಮಾಡಿದ್ದು. ಚಾಕು ಹಿಡಿಯಲಿಲ್ಲ, ವಿಷ ಹಾಕಲಿಲ್ಲ.

ಆ ಬೇಸಿಗೆ ಸಿಡುಬು ಬಂತು. ನಮ್ಮ ಊರೊಂದಕ್ಕೇ ಬಂದದ್ದಲ್ಲ, ಸೀಮೆಯೆಲ್ಲ ಹಬ್ಬಿತ್ತು. ಪೇಟೆಯಲ್ಲಿ ಅಲ್ಲೊಂದು ಇಲ್ಲೊಂದು ಮನೆ ಹಿಡಿದು ಬಿಟ್ಟಿತು. ಕೇರಿಗೆ ನುಗ್ಗಿದ್ದು ಬಿಟ್ಟು ಹೋಗಲೇ ಇಲ್ಲ. ಕೇರಿಯ ಬಾಯಿಗೆ ಹಗ್ಗ ಕಟ್ಟಿದರು, ಪೊಲೀಸ್ ನಿಲ್ಲಿಸಿದರು, ಯಾರೂ ಆಚೆ ಬರಬಾರದೆಂದು ಆಜ್ಞೆಯಾಯಿತು. ಬೆಳಿಗ್ಗೆ ಮಾತ್ರ ಹಗ್ಗ ಎತ್ತುತ್ತಿದ್ದರು — ಊರಿನ ಪಾಯಿಖಾನೆ ತುಂಬಬಾರದಲ್ಲ. ಅಷ್ಟು ಹೊತ್ತು ರೋಗ ಅಂಟುವುದಿಲ್ಲವೆಂದು ಯಾರು ಹೇಳಿದರೋ ಕಾಣೆ. ಮೈಯೆಲ್ಲ ಒಡೆದು ಮಲಗಿದ್ದ ಸುಬ್ಬಿಯನ್ನು ಗಂಗಿಯ ಹತ್ತಿರ ಬಿಟ್ಟು ನರಸಮ್ಮ ಬಕೆಟ್ಟು ಹಿಡಿದು ಹೊರಡುತ್ತಿದ್ದಳು. ಮಗು ಹೋದಾಗಲೂ ಅವಳು ಪೇಟೆಯ ಯಾವುದೋ ಹಿತ್ತಲಲ್ಲಿದ್ದಳಂತೆ.

ಶಿವಮೊಗ್ಗದಿಂದ ದೊಡ್ಡ ಅಧಿಕಾರಿ ಬಂದರು. ದಾಕು ಹಾಕಿದ ಕೇರಿಯಲ್ಲಿ ಇಷ್ಟು ಸಾವು ಹೇಗೆಂದು ಕೇಳಿದರು. ಹಗ್ಗದ ಒಳಗಿನಿಂದ ನರಸಮ್ಮ ಒಬ್ಬಳೇ ಮುಂದೆ ಬಂದು ಹೇಳಿದಳು: “ಈ ಅಯ್ಯ ಎರಡ್ ಸಲ ಕೆರೆದ್ರು ಸೋಮಿ. ಏಳ್ಲಿಲ್ಲ. ಮಧ್ಯಾನದ್ ಔಷ್ದ ನಮಗೆ.”

ಅಧಿಕಾರಿ ನನ್ನ ಕಡೆ ತಿರುಗಿದರು. ನನಗಿಂತ ಮೊದಲು ಇನ್ಸ್‌ಪೆಕ್ಟರರು ಉತ್ತರ ಕೊಟ್ಟರು — ಈ ಜನ ಸಿಡುಬಿನ ಅಮ್ಮನ ಕೋಪಕ್ಕೆ ಹೆದರಿ ಮಕ್ಕಳನ್ನು ಬಚ್ಚಿಡುತ್ತಾರೆ ಎಂದು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ನೀವೂ ಹಾಗೇ ಹೇಳಿ ಮಾರಾಯರೇ. ನಿಮಗೆ ಹೆಂಡ್ತಿ ಮಕ್ಕಳಿದಾರೆ,” ಎಂದರು.

ದಾಕು ತಪ್ಪಿಸುವುದು ಶಿಕ್ಷೆಯಾಗುವ ತಪ್ಪು. ಉಳಿದವರಿಗೆ ಬುದ್ಧಿ ಬರಲೆಂದು ಒಬ್ಬರ ಮೇಲಾದರೂ ಮೊಕದ್ದಮೆ ಹಾಕಬೇಕೆಂದಾಯಿತು. ಬಾಯಿ ಬಿಟ್ಟವಳ ಮೇಲೆಯೇ ಹಾಕಿದರು. ಮುಟ್ಟುವುದಿಲ್ಲವೆಂದವರ ಮೇಲೆ ಯಾರೂ ಹಾಕಲಿಲ್ಲ.

ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು, “ಈಕೆ ಮಕ್ಕಳನ್ನು ತಂದಿದ್ದಳೇ?”

“ಇಲ್ಲ ಸ್ವಾಮಿ. ಬಚ್ಚಿಟ್ಟಿದ್ದಳು.”

ನರಸಮ್ಮ ಅಳಲಿಲ್ಲ, ಶಪಿಸಲಿಲ್ಲ. ಹೇಗೋ ರೋಗ ತಗಲದೆ ಉಳಿದು ಪಕ್ಕದಲ್ಲಿ ನಿಂತಿದ್ದ ಗಂಗಿಯ ರವಿಕೆಯ ತೋಳನ್ನು ಮೇಲೆ ಸರಿಸಿ, “ನೋಡಿ ಸೋಮಿ, ಇಲ್ಲೇ ಕೆರೆದಿದ್ದು, ಎರಡ್ ಸಲ,” ಎಂದು ಬೆರಳಿಟ್ಟು ತೋರಿಸಿದಳು. ಎಲ್ಲರೂ ನೋಡಿದರು. ಚರ್ಮ ನುಣ್ಣಗಿತ್ತು. ಹಾಕಿಸಿದ್ದರೆ ಕಲೆ ಎಲ್ಲಿ ಎಂದರು ಮ್ಯಾಜಿಸ್ಟ್ರೇಟರು. ಕಲೆ ಯಾಕಿಲ್ಲವೆಂದು ಆ ಕೋಣೆಯಲ್ಲಿ ತಿಳಿದವರು ನಾವಿಬ್ಬರೇ. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಬಿಸಿಲಿಗೆ ಸತ್ತ ನನ್ನ ಔಷಧ ಆ ತೋಳಿನಲ್ಲಿ ಏನನ್ನೂ ಬಿಟ್ಟಿರಲಿಲ್ಲ. ಆ ಏನೂ ಇಲ್ಲದಿರುವುದೇ ನನ್ನ ಸುಳ್ಳಿಗೆ ಸಾಕ್ಷಿಯಾಯಿತು.

ಅವಳು ಕೆಲವು ದಿನ ಜೈಲಿನಲ್ಲಿದ್ದಳು. ಕೆಲಸ ಹೋಯಿತು, ಕೆಲಸಕ್ಕೆ ಅಂಟಿದ್ದ ಗುಡಿಸಲೂ ಹೋಯಿತು. ನಾನು ಬಡ್ತಿ ಪಡೆದೆ.

ಈಗ ಔಷಧ ಪುಡಿಯಾಗಿ ಬರುತ್ತಿದೆ. ಐಸು ಬೇಡ, ಬಿಸಿಲಿಗೂ ಸಾಯುವುದಿಲ್ಲ. ಹೊಸದಾಗಿ ಸೇರಿದವರಿಗೆ ಅದನ್ನು ಕಲಿಸುವುದು ನನ್ನ ಪಾಲಿನ ಕೆಲಸ. ಮೊನ್ನೆ ಒಬ್ಬಳು ಹುಡುಗಿ ಕೇಳಿದಳು: “ಮೊದಲು ಐಸು ಕರಗಿದ್ರೆ ಏನ್ ಮಾಡ್ತಿದ್ರಿ ಸಾರ್?” ತಮಾಷೆಯ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ಬಿಟ್ಟು, ಪಾಠ ಅರ್ಧಕ್ಕೆ ನಿಲ್ಲಿಸಿ ಹೊರಗೆ ಬಂದೆ.

ನರಸಮ್ಮ ಶಿವಮೊಗ್ಗದಲ್ಲೇ ಇದ್ದಾಳೆಂದು ನನಗೆ ವರ್ಷಗಳಿಂದ ಗೊತ್ತು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹೋಟೆಲಿನ ಹಿತ್ತಲು ಗುಡಿಸುತ್ತಾಳೆ. ಆ ದಾರಿ ನಾನು ತುಳಿಯುತ್ತಿರಲಿಲ್ಲ. ಅಂದು ಹೋದೆ. “ನರಸಮ್ಮಾ” ಎಂದೆ. ಹಾಗೆ ಕರೆದದ್ದು ಅದೇ ಮೊದಲು. ಪೊರಕೆ ನಿಲ್ಲಿಸಲಿಲ್ಲ ಅವಳು. ಡಬ್ಬಿಯ ವಿಷಯ ಹೇಳಿದೆ, ಸ್ಟೇಷನ್ನಿನ ವಿಷಯ ಹೇಳಿದೆ.

“ಗೊತ್ತು ಬುದ್ಧಿ. ಗೂಡ್ಸ್ ಶೆಡ್ ಸಂದೀಲಿ ನಿಮ್ ಕೊಡೆ ಕಾಣ್ತಿತ್ತು.”

ಗಂಡ ಎಲ್ಲಯ್ಯ ಹೇಗಿದ್ದಾನೆಂದು ಕೇಳಿದೆ.

“ಹೋದ ಸಾಲಿನಾಗೆ ಸತ್ತ. ಸಾಯೋಗಂಟ ನನ್ ಕೈಯಾಗೆ ಉಣ್ಲಿಲ್ಲ. ಓದಿದ ಅಯ್ಯ ಆಣೆ ಇಟ್ಟು ಸುಳ್ ಹೇಳ್ತಾನಾ ಅಂದ.” ಕಸವನ್ನು ಒಂದೆಡೆ ಒಟ್ಟಿದಳು. “ನಂಗ್ ಹೇಳಿ ಏನ್ ಬಂತು? ನಂಗ್ ಗೊತ್ತಿಲ್ದೇ ಇರೋದಾ? ಭದ್ರಾವತಿ ಕೇರೀಲಿ ಹೇಳಿ. ಗಂಗಿಗೆ ಅಲ್ಲಿ ಗಂಡು ನೋಡಿದ್ರೆ ಇವತ್ತಿಗೂ ಅಂತಾರೆ, ಕೂಸ್ನ ಕೊಂದೋಳ ಮಗ್ಳಲ್ವಾ ಅಂತ.”

ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬುಟ್ಟಿ ತುಂಬಿಕೊಂಡು ಒಳಗೆ ಹೋದಳು.

ಭಾನುವಾರ ಕೇರಿಯ ಜನ ಮನೆಯಲ್ಲಿರುತ್ತಾರೆ. ಅಂದು ಹೋಗುತ್ತೇನೆ. ಸೋಮವಾರ ಕಚೇರಿಯಲ್ಲೂ ಹೇಳುತ್ತೇನೆ. ಸುಳ್ಳುಸಾಕ್ಷಿಗೆ ಏನು ಶಿಕ್ಷೆಯೋ ಅದಾಗಲಿ. ಆದರೆ ನನಗೆ ಭಯವಿರುವುದು ಸೋಮವಾರದ್ದಲ್ಲ. ನನ್ನ ನಾಲಿಗೆಯ ಗುಣ ನನಗೆ ಗೊತ್ತು. ಕೇಳುವವರು ಸುತ್ತ ಕೂತರೆ ಅದು ಇನ್ಸ್‌ಪೆಕ್ಟರರನ್ನು ತರುತ್ತದೆ, ಚನ್ನಬಸಮ್ಮನವರನ್ನು ತರುತ್ತದೆ, ಕಾಲವೇ ಹಾಗಿತ್ತು ಎನ್ನುತ್ತದೆ. ಕೇಳುವವರ ಕಣ್ಣಲ್ಲಿ ನೀರು ಬರಿಸಿ ಅದನ್ನು ನನ್ನ ಕಡೆಗೇ ತಿರುಗಿಸಿಕೊಳ್ಳುತ್ತದೆ. ಅದಕ್ಕೇ ಇಲ್ಲಿ, ನಿಮ್ಮೆದುರು, ಕತೆಯನ್ನೆಲ್ಲ ಖಾಲಿ ಮಾಡಿಕೊಂಡಿದ್ದೇನೆ. ಅಲ್ಲಿ ಹೇಳಬೇಕಾದದ್ದು ಇಷ್ಟು ಮಾತ್ರ: ನರಸಮ್ಮ ಮಕ್ಕಳನ್ನು ಸ್ಟೇಷನ್ನಿಗೆ ತಂದಿದ್ದರು. ನಾನು ಮುಟ್ಟಲಿಲ್ಲ.