ಉತ್ರ ಬರೂತನಕಾ

ಸಾನಿಯಾನ್ನ ಸಿಟ್ಟಿನಾಕಿ ಅಂತ ಆಡಿಕೊಳ್ಳೂ ಮಂದಿ ಒಮ್ಮೆ ನನ್ನ ಮುಂದ ಬಂದು ಆ ಮಾತು ಹೇಳ್ಲಿ. ನಾ ಶ್ರೀದೇವಿ. ರಾಣೆಬೆನ್ನೂರಾಗ ಪ್ರವೀಣಕುಮಾರನ ವರ್ಕ್‌ಶಾಪಿನ್ಯಾಗ ಸರ್ಕ್ಯೂಟ್ ಬೋರ್ಡಿಗೆ ಬೆಸಿಗಿ ಹಾಕಾಕಿ. ಕೋಲ್ಡ್ ಸ್ಟೋರೇಜಿಗೆ ಬೇಕಾದ ಮಶೀನು ನಾವು ಮಾಡ್ತೇವಿ. ಮೆಣಸಿನಕಾಯಿ ಚೀಲ ಇಟ್ಟ ಖೋಲಿ ಬೆಚ್ಚಗಾದ್ರ ಕಂಪ್ರೆಸರ್ ಹಚ್ಚೂದು, ತಂಪಾದ್ರ ಆರಿಸೂದು, ಇಷ್ಟ ಅದರ ಕೆಲಸ. ಪೆಟ್ಟಿಗಿ ನನ್ನ ಕೈಯಾಗ ತಯಾರಾಗ್ತೈತಿ, ಅದರೊಳಗಿನ ಸಾಫ್ಟ್‌ವೇರ್ ಸಾನಿಯಾಂದು.

ಅಕಿ ಹೊಸರಿತ್ತಿಯಾಕಿ. ಅಪ್ಪ ಶಮಶೇರಸಾಬ ಬೋರಿನ ಮೋಟಾರ್ ರಿವೈಂಡಿಂಗ್ ಮಾಡಾಂವ. ತಾಮ್ರದ ತಂತಿ ನಡಬರಕ ಆಡಿ ಬೆಳದು, ಹಾವೇರ್ಯಾಗ ಇಂಜಿನಿಯರಿಂಗ್ ಓದಿ ಬಂದಾಳ. ಕಾಯೂದಂದ್ರ ಅಕಿಗೆ ಆಗಂಗಿಲ್ಲ. ಬಸ್ ತಡಾ ಆದ್ರ ಮುಂದಿನ ಸ್ಟಾಪಿಗೆ ನಡಕೋತನ ಹೋಗ್ತಾಳ. ಬಿಸಿ ಚಾ ಕುಡದು ನಾಲಿಗಿ ಸುಟ್ಟಕೊಂಡು ಆಮ್ಯಾಲ ಚಾಕ್ಕ ಬೈತಾಳ.

ಆದ್ರ ಮಶೀನಿಗೆ ಕಾಯೂದು ಕಲಿಸಿದಾಕಿ ಅಕಿನ. ಪೆಟ್ಟಿಗ್ಯಾಗ ಒಂದು ಫ್ಲ್ಯಾಶ್ ಚಿಪ್ ಇರ್ತೈತಿ. ಖೋಲಿ ಎಷ್ಟು ತಂಪಿರಬೇಕು ಅನ್ನೂದು ಅದರಾಗ ಇಟ್ಟಿರ್ತೇವಿ. ಪ್ರೊಸೆಸರ್ ಕೇಳಿದ ಕೂಡ್ಲೇ ಚಿಪ್ಪಿಗೆ ಹೇಳಾಕ ಬರೂದಿಲ್ಲ, ತಗದು ಕೊಡಾಕ ಒಂದೀಟು ಹೊತ್ತು ಬೇಕು. ಆ ಹೊತ್ತು ಎಷ್ಟು ಅಂತ ಡ್ರೈವರ್ ಅನ್ನೂ ಪ್ರೋಗ್ರಾಮಿನ್ಯಾಗ ಒಂದು ಅಂಕಿ ಹಾಕ್ತಾರ. ಅಂಕಿ ಕಡಿಮಿ ಬಿದ್ರ, ಕುದಿಯೂಕಿಂತ ಮೊದ್ಲ ಚಾ ಸೋಸಿದಂಗ. ಕಪ್ಪಿನ್ಯಾಗ ಏನೋ ಬೀಳ್ತೈತಿ, ಆದ್ರ ಚಾ ಅಲ್ಲ. ಬಿಸಿ ಆದಂಗ ಚಿಪ್ ಇನ್ನಷ್ಟು ನಿಧಾನ ಆಗ್ತೈತಿ ಅಂತ ಸಾನಿಯಾ ಅಂಕಿ ಜಾಸ್ತಿನ ಇಟ್ಟಿದ್ಲು.

ಪ್ರವೀಣಕುಮಾರಗ ಅದು ಹಿಡಿಸಲಿಲ್ಲ. ಗಿರಾಕಿ ಮುಂದ ಸ್ವಿಚ್ ಒತ್ತಿದ್ರ ಪರದೆ ಲಗೂ ಹತ್ತಬೇಕಂತ. ಸಾನಿಯಾ ರಜಾ ಇದ್ದಾಗ ತಾನ ಕುಂತು ಅಂಕಿ ಇಳಿಸಿಬಿಟ್ಟ. ಅಕಿ ಬಂದು ಜಗಳಾ ತಗದ್ರ, ಮಶೀನನ್ನ ಫ್ಯಾನಿನ ಕೆಳಗ ಟೇಬಲ್ ಮ್ಯಾಲ ಇಟ್ಟು, ಎಲ್ಲಿ ತಪ್ಪೈತಿ ತೋರ್ಸು ಅಂದ. ಅಲ್ಲಿ ಅದು ತಪ್ಪಲೇ ಇಲ್ಲ. ಅಕಿ ಹಲ್ಲು ಕಚ್ಚಿಕೊಂಡು ತನ್ನ ಕೆಲಸಕ್ಕ ಹೋಗಿ ಕುಂತ್ಲು.

ಅದೇ ಮಶೀನು ಬ್ಯಾಡಗ್ಯಾಗ ನಾಗಪ್ಪ ಅನ್ನಾಂವನ ಕೋಲ್ಡ್ ಸ್ಟೋರೇಜಿಗೆ ಹೋತು. ಅಲ್ಲಿ ಕಂಪ್ರೆಸರ್ ನಡನಡಕ ಆರಾಕ ಹತ್ತಿತು, ಖೋಲಿ ಬೆಚ್ಚಗಾಗಿ ಮೆಣಸಿನಕಾಯಿ ಬಣ್ಣ ಕಳಕೊಂಡ್ವು. ಪ್ರವೀಣಕುಮಾರ ಫೋನ್ ಮಾಡಿ ಹೇಳೇ ಹೋಗಿ ನೋಡಿದ, ಮಶೀನು ಸರಿ ಐತಿ. ಮತ್ತ ಹೋದ, ಮತ್ತ ಸರಿ ಐತಿ. ಹಂಗಾರ ಮಶೀನ್ ನೋಡಿಕೊಳ್ಳೂ ಫಕ್ಕೀರಪ್ಪನ ಅದನ್ನ ಆರಿಸಿ ಮಲಗ್ತಾನ ಅಂತ ಇಬ್ರೂ ಮಾಲಕರು ತೀರ್ಮಾನ ಮಾಡಿಬಿಟ್ರು.

ಫಕ್ಕೀರಪ್ಪಗ ಹುಟ್ಟಾ ಉಗ್ಗು. ಒಂದು ಮಾತು ಬರಬೇಕಂದ್ರ ಮಾರಿ ಎಲ್ಲಾ ಕೆಂಪಾಗ್ತೈತಿ. ಇವ್ರು ಕೇಳಿದ್ರಂತ, ಅಂವ ಬಾಯಿ ತಗದನಂತ, ಇವ್ರು ನಕ್ಕು ಎದ್ದು ಬಂದ್ರಂತ. ಆಮ್ಯಾಲ ನಾಗಪ್ಪ ಒಂದು ಶರತ್ತು ಹಾಕಿದ. ಶನಿವಾರ ಕದರಮಂಡಲಗಿ ಹಣಮಪ್ಪ ದೇವರ ಮುಂದ ನಿಂತು, ನಾ ಆರಿಸಿಲ್ಲ ಅಂತ ಒಂದ ಉಸಿರಿನ್ಯಾಗ ಆಣಿ ಮಾಡಬೇಕು. ಮಾತು ತಡವರಿಸ್ತೋ, ಸುಳ್ಳ ಅಂತ ಲೆಕ್ಕ. ಕೆಲಸಾ ಬಿಟ್ಟು ನಡೀಬೇಕು.

ಉಗ್ಗಿನ ಮನಷ್ಯಾಗ ಇಂಥಾ ಶರತ್ತು. ನಾಚಿಕಿ ಬ್ಯಾಡೇನು ಇವ್ರ ಮಾರಿಗೆ? ಇದನ್ನ ಪ್ರವೀಣಕುಮಾರ ನಮ್ಮ ಮುಂದ ನಕ್ಕೋತ ಹೇಳಿದ. ನನ್ನ ಕೈಯಾಗಿನ ಕಾದ ಬೆಸಿಗಿ ಕಡ್ಡಿ ನಾನ ಕೆಳಗಿಟ್ಟೆ, ಇಲ್ಲಂದ್ರ ಏನು ಮಾಡ್ತಿದ್ನೋ ನನಗ ಗೊತ್ತಿಲ್ಲ. ಸಾನಿಯಾ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು, ನಡೀರಿ ಶ್ರೀದೇವಕ್ಕ, ಅಂದ್ಲು.

ಯಾರಿಗೂ ಫೋನ್ ಮಾಡಲಿಲ್ಲ, ಬಸ್ ಹತ್ತಿದ್ವಿ. ಮೋಟೆಬೆನ್ನೂರು ದಾಟಿ ಸ್ವಲ್ಪ ಹೊತ್ತಿಗೆ ಮೆಣಸಿನಕಾಯಿ ಘಾಟು ಮೂಗಿಗೆ ಬಡದು ಸೀನು ಸುರು ಆತು. ಸ್ಟೋರೇಜಿಗೆ ಹೋಗಿ ನೋಡಿದ್ರ ಕಂಪ್ರೆಸರ್ ಆರಿತ್ತು. ಮಶೀನಿನ ಪೆಟ್ಟಿಗಿಗೆ ಹಳೇ ಧೋತರ ಸುತ್ತಿ, ಮ್ಯಾಲ ಪ್ಲಾಸ್ಟಿಕ್ ಹೊಚ್ಚಿ, ಹಗ್ಗ ಬಿಗದಿದ್ರು. ಮೆಣಸಿನಕಾಯಿ ಧೂಳಿಗೆ ಅಂಜಿ ಅಲ್ಲಿ ಮಂದಿ ಟಿವಿಯಿಂದ ಹಿಡದು ತಕ್ಕಡಿತನಕಾ ಎಲ್ಲಾ ಸುತ್ತಿಡ್ತಾರ. ಫಕ್ಕೀರಪ್ಪ ನಮ್ಮನ್ನ ನೋಡಿ ಗಾಬರಿಯಾಗಿ, ಓಡಿ ಬಂದು ಹಗ್ಗ ಬಿಚ್ಚಾಕ ಹತ್ತಿದ.

ಯಾಕ ಬಿಚ್ಚತೀರಿ ಕಾಕಾ, ಅಂತ ಸಾನಿಯಾ ಕೇಳಿದ್ಲು.

ಅಂವಾ ಸುರು ಮಾಡಿದ. ಬರವಲ್ದು. ಮಾತು ನಾನ ಮುಗಿಸಿಕೊಡೂಣಂತ ಬಾಯಿ ತಗದ್ರ ಸಾನಿಯಾ ನನ್ನ ರಟ್ಟಿ ಹಿಡದು ಚಿವುಟಿದ್ಲು. ಬಸ್ಸಿಗೂ ನಿಲ್ಲದ ಹುಡಿಗಿ, ಒಂದು ಚೀಲದ ಮ್ಯಾಲ ಕುಂತು ಅವನ ಮಾರಿ ನೋಡಿಕೋತ ಕಾದ್ಲು. ಅವನ ಕೊಳ್ಳಿನ ನರ ಉಬ್ಬಿದ್ವು, ಕಣ್ಣಾಗ ನೀರು ಬಂತು. ಕಡೀಕ ಮಾತು ಬಂತು. ಸಾಹೇಬ್ರು ಬರ್ತಾರಂತ ಫೋನ್ ಬಂದ ಕೂಡ್ಲೇ ಅಂವ ಅರಿವಿ ಬಿಚ್ಚಿ, ಪೆಟ್ಟಿಗಿ ಒರಸಿ, ಅದರ ಬಾಗಲಾ ತಗದು ಗಾಳಿಗೆ ಬಿಡ್ತಿದ್ನಂತ. ಬಂದವ್ರ ಮುಂದ ಹೊಲಸು ಇರಬಾರ್ದು ಅಂತ.

ಸಾನಿಯಾ ಎದ್ದು ಅರಿವಿಯೊಳಗ ಕೈ ಹಾಕಿ, ಹಾಯ್ ಅಂತ ಹಿಂದಕ್ಕ ತಗದ್ಲು. ಪೆಟ್ಟಿಗಿ ಅಷ್ಟು ಕಾದಿತ್ತು. ಸುತ್ತಿದಾಗ ಚಿಪ್ ಬಿಸಿಯಾಗಿ ನಿಧಾನ ಆಗ್ತಿತ್ತು. ಪ್ರವೀಣಕುಮಾರನ ಅಂಕಿ ಅದಕ್ಕ ಕಾಯ್ತಿರಲಿಲ್ಲ, ಅರ್ಧಮರ್ಧ ಓದಿ ಖೋಲಿ ತಂಪೈತಿ ಅಂತ ಕಂಪ್ರೆಸರ್ ಆರಿಸ್ತಿತ್ತು. ಪ್ರವೀಣಕುಮಾರ ಬರೂದ್ರಾಗ ಪೆಟ್ಟಿಗಿ ತಣ್ಣಗಾಗಿರ್ತಿತ್ತು, ಮಶೀನು ಸರಿ ಇರ್ತಿತ್ತು. ಅವನಿಗೆ ಮರ್ಯಾದಿ ಮಾಡಾಕ ಹೋಗಿ ಈ ಬಡವ ತಾನ ಸುಳ್ಳ ಅನಿಸಿಕೊಂಡಿದ್ದ.

ಅರಿವಿ ಬಿಚ್ಚಲಾರದ, ಕೆಳಗಿಂದ ಲ್ಯಾಪ್‌ಟಾಪಿನ ವೈರ್ ಜೋಡಿಸಿ ಸಾನಿಯಾ ಅಂಕಿ ಏರಿಸಿದ್ಲು. ಕಂಪ್ರೆಸರ್ ಹತ್ತಿತು. ಇಳಿಸಿದ್ಲು, ಆರಿತು. ಆಮ್ಯಾಲ ಇಬ್ರೂ ಮಾಲಕರನ್ನ ಕರಿಸಿ, ಅವ್ರ ಕಣ್ಣ ಮುಂದ ಮತ್ತ ಏರಿಸಿ ಇಳಿಸಿ ತೋರಿಸಿ, ಕಡೀಕ ಏರಿಸೇ ಬಿಟ್ಲು.

ನಾಗಪ್ಪ ಗಡ್ಡಾ ಕೆರಕೊಂಡು, ಆತು ಬಿಡ್ರಿ, ಶನಿವಾರದ್ದು ಏನೂ ಬ್ಯಾಡ, ಅಂದ. ಪ್ರವೀಣಕುಮಾರ, ಸಣ್ಣ ಸೆಟ್ಟಿಂಗ್ ಅಷ್ಟ, ಆಗ್ತಿರ್ತಾವು ಅಂತ ಕಾರಿನ ಕೀಲಿ ತಗದ. ಒಬ್ಬನ ಹೆಸರಿಗೆ ಮಸಿ ಬಳದು, ಸಣ್ಣ ಸೆಟ್ಟಿಂಗ್ ಅಂತ. ಸಾನಿಯಾ ಬಾಗಲದಾಗ ಅಡ್ಡ ನಿಂತ್ಲು.

"ಆವತ್ತು ಕಾಕಾನ್ನ ಕೇಳಿದ್ದನ್ನ ಇವತ್ತ ಮತ್ತ ಕೇಳ್ರಿ ಸರ್. ಕೇಳಿ ನಿಂದರ್ರಿ."

ಪ್ರವೀಣಕುಮಾರ ಅಕಿನ್ನ ನೋಡಿದ, ನನ್ನ ನೋಡಿದ. ನಾ ಏನು ಮಾರಿ ಮಾಡಿದ್ನೋ, ಕೇಳೇ ಕೇಳಿದ: ಮಶೀನ್ ನೀ ಆರಿಸಿದ್ಯೇನು?

ಫಕ್ಕೀರಪ್ಪನ ಬಾಯಿ ತಗೀತು. ನಾ, ನಾ, ಅಂತ ಅಲ್ಲೇ ಸಿಕ್ಕೊಂತು. ಪ್ರವೀಣಕುಮಾರ ನಡಬರಕ ಮಾತಾಡಾಕ ಹೋದ, ಸಾನಿಯಾ ಕೈ ಎತ್ತಿದ್ಲು. ಕಂಪ್ರೆಸರಿನ ಸಪ್ಪಳ ಒಂದ ಕೇಳಾಕತ್ತಿತ್ತು.

"ನಾ ಆರಿಸಿಲ್ಲರಿ," ಅಂದ.

ಪ್ರವೀಣಕುಮಾರ ಉಸರು ಬಿಟ್ಟು ಕೀಲಿ ಆಡಿಸಿಕೋತ ತಿರಿಗಿದ. ಫಕ್ಕೀರಪ್ಪನ ಮಾತು ಇನ್ನೂ ಮುಗದಿರಲಿಲ್ಲ. ತುಟಿ ನಡುಗಿಸಿಕೋತ ಅಂವ ಅವನ ಬೆನ್ನಿಗೆ ಹೇಳಿದ:

"ನೀವು ಬರ್ತೀರಂತ… ಒರಸಿ ಇಟ್ಟಿದ್ನಿ."