ಒಂದು ಪಟ ಹಾಳಾಗಬೇಕಾಗಿತ್ತು

ನಮ್ಮ ಸ್ಟುಡಿಯೊದ ಒಳಬಾಗಿಲ ಪಕ್ಕದಲ್ಲಿ ಇಂದಿಗೂ ಒಂದು ಕನ್ನಡಿ ತೂಗುತ್ತಿದೆ; ಅದರ ಕೆಳಗಿನ ಹಲಗೆಯ ಮೇಲೆ ಹಲ್ಲುದುರಿದ ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ, ಕನ್ನಡಿಯ ಅಂಚಿನಲ್ಲಿ ಯಾರೋ ಅಂಟಿಸಿ ಮರೆತುಹೋದ ಬೊಟ್ಟು. ಕುಂದಾಪುರದ ಪೇಟೆಯಲ್ಲಿ ನನ್ನ ತಂದೆ ಈ ಅಂಗಡಿ ಹಾಕಿದ ಕಾಲದಲ್ಲಿ ಪಟದ ತಿದ್ದುಪಡಿಯೆಲ್ಲ ನಡೆಯುತ್ತಿದ್ದದ್ದು ಆ ಕನ್ನಡಿಯ ಮುಂದೆಯೇ. ಬಂದವರು ತಲೆ ಬಾಚಿ, ಮೂಗಿನ ತುದಿಯ ಬೆವರೊರೆಸಿ, ಮುಖಕ್ಕೆ ಇಷ್ಟು ಪೌಡರ್ ಬಳಿದುಕೊಂಡು ಒಳಗೆ ಹೋದರೆಂದರೆ ಎಡಿಟಿಂಗ್ ಮುಗಿಯಿತು. ಆಮೇಲೆ ಬರುವ ಪಟ ದೇವರು ಕೊಟ್ಟದ್ದು. ಈಗ ಕ್ರಮ ತಿರುಗಿದೆ. ಜನ ಬೆವರಿನೊಂದಿಗೇ ಬಂದು ನಿಲ್ಲುತ್ತಾರೆ. ಪೌಡರ್ ಹಚ್ಚುವ ಕೆಲಸ ನನ್ನದು, ಅದೂ ಅವರು ಮನೆಗೆ ಹೋಗಿ ಉಂಡು ಕೈ ತೊಳೆದ ಮೇಲೆ.

ಈ ಹಿಂದುಮುಂದಿನಿಂದಾಗಿ ಆದ ಒಂದು ಪರಿಣಾಮವೆಂದರೆ, ನಮ್ಮ ಸೀಮೆಯಲ್ಲಿ ಮದುವೆಯ ಆಲ್ಬಂ ಎಂಬುದು ಮದುವೆಯ ಬಳಿಕ ಬಹಳ ಸಾವಕಾಶವಾಗಿ ಹುಟ್ಟುವ ವಸ್ತುವಾಯಿತು. ಮಳೆಗಾಲ ಕಳೆದು, ಗದ್ದೆ ಕೊಯ್ದು, ಮದುಮಗಳು ಬಯಕೆಯ ಊಟಕ್ಕೆ ತವರಿಗೆ ಬರುವ ಹೊತ್ತಿಗೆ ಆಲ್ಬಮ್ಮೂ ಬಂದರೆ ಸ್ಟುಡಿಯೊದವನು ಮಾತಿಗೆ ತಪ್ಪದ ಮನುಷ್ಯ. ಅಷ್ಟರವರೆಗೆ ಕೇಳಲು ಬಂದವರಿಗೆ ಹೇಳಲು ನಮ್ಮ ಕುಲಕ್ಕೆ ಕೆಲವು ಸಿದ್ಧ ಉತ್ತರಗಳಿದ್ದವು: ಪ್ರಿಂಟಿಗೆ ಹೋಗಿದೆ, ಬೈಂಡಿಂಗಿನಲ್ಲಿದೆ, ಕರೆಂಟು ಕೈಕೊಟ್ಟಿತು. ಕೇಳುವವರಿಗೂ ಅದು ಸುಳ್ಳೆಂದು ಗೊತ್ತಿರುತ್ತಿತ್ತು; ಹೇಳುವವನಿಗೆ ಅವರಿಗೆ ಗೊತ್ತಿದೆಯೆಂಬುದೂ ಗೊತ್ತಿರುತ್ತಿತ್ತು. ಇಷ್ಟು ಪರಸ್ಪರ ತಿಳಿವಳಿಕೆಯಿರುವ ವ್ಯಾಪಾರ ಲೋಕದಲ್ಲಿ ಇನ್ನೊಂದಿರಲಾರದು.

ನನಗೇಕೋ ಇದು ಸಾಕೆನಿಸಿತು. ಹೋದ ಮಳೆಗಾಲದಲ್ಲಿ, ಮದುವೆಗಳಿಲ್ಲದೆ ಅಂಗಡಿಯಲ್ಲಿ ಕೂತು ಹೊಳೆಯಂತೆ ಹರಿಯುವ ರಸ್ತೆಯನ್ನು ನೋಡುವ ಬದಲು ಸುಧಾರಿಸೋಣವೆಂದು ಹೊರಟೆ. ಫೋನಿನ ವೀಡಿಯೊಗಳಲ್ಲಿ ಒಬ್ಬ ಪರದೇಶದ ಗುರು ಸಿಕ್ಕಿದ. ಕೆಲಸಕ್ಕೊಂದು ‘ವರ್ಕ್‌ಫ್ಲೋ’ ಇರಬೇಕು, ಪಟ ತೆಗೆಯುವುದಕ್ಕಿಂತ ಪಟ ಬಿಸಾಡುವುದನ್ನು ಕಲಿಯಬೇಕು ಎಂಬುದು ಅವನ ಉಪದೇಶ. ಮನೆಗೆ ಬಂದ ಕೂಡಲೇ ಎಲ್ಲವನ್ನೂ ಮೂರು ಕಡೆ ನಕಲು ಮಾಡಿಡು. ಆಮೇಲೆ ಅಕ್ಕಿಯನ್ನು ಗೆರಸಿಯಲ್ಲಿ ಕೇರುವಂತೆ ಕೇರು, ಜೊಳ್ಳೆಲ್ಲ ಹಾರಿಹೋಗಲಿ. ಉಳಿದದ್ದರಲ್ಲಿ ಒಂದರ ಬಣ್ಣ ಸರಿಮಾಡಿ ಅದೇ ಬಣ್ಣವನ್ನು ಬೆನ್ನಿಗಿರುವ ಎಲ್ಲದಕ್ಕೂ ಒಮ್ಮೆಲೇ ಬಳಿ. ಅಂಚು ಕತ್ತರಿಸು, ಮೊಡವೆ ಅಳಿಸು, ಕಳಿಸಿಕೊಡು, ಮರೆತುಬಿಡು.

ಗುರುವಿನ ಉದಾಹರಣೆಗಳೆಲ್ಲ ಹಿಮದ ಮೇಲೆ ನಿಂತ ಬಿಳಿಯ ಹುಡುಗಿಯರು. ಅವನ ಬಣ್ಣವನ್ನು ನಮ್ಮ ಮದುಮಗಳಿಗೆ ಬಳಿದರೆ ಅರಸಿನ ಮೆತ್ತಿದ ಕೆನ್ನೆ ಕಾಮಾಲೆ ಹಿಡಿದಂತಾಗಿ, ಕೆಂಪು ಪಟ್ಟೆಸೀರೆ ಬೀಟ್‌ರೂಟಿನ ಪಲ್ಯದಂತಾಗುತ್ತಿತ್ತು. ಕಣ್ಣು ಮುಚ್ಚಿದವರ ಪಟ ಬಿಸಾಡು ಎನ್ನುತ್ತಿದ್ದ ಪುಣ್ಯಾತ್ಮ. ಅವನ ಮಾತು ಕೇಳಿದ್ದರೆ ಧಾರೆಯ ಹೊತ್ತಿನ ಒಂದು ಪಟವೂ ಉಳಿಯುತ್ತಿರಲಿಲ್ಲ, ಆಗ ನಮ್ಮ ಹಿರಿಯರು ಕಣ್ಣು ತೆರೆದಿರುವುದುಂಟೆ? ಬಾಯಿ ತೆರೆದವರನ್ನು ಬಿಸಾಡಿದರೆ ಊಟದ ಪಂಕ್ತಿಯೇ ಎದ್ದು ಹೋಗಬೇಕು. ಇಷ್ಟೆಲ್ಲ ತಿದ್ದಿ, ಒಗ್ಗಿಸಿ, ಗುರುವಿನ ಪದ್ಧತಿಗೆ ನಮ್ಮ ಊರಿನ ಉಪ್ಪು ಹುಳಿ ಬೆರೆಸುವಷ್ಟರಲ್ಲಿ ಮಳೆ ನಿಂತಿತು. ‘ಹತ್ತು ದಿನದೊಳಗೆ ಆಲ್ಬಂ’ ಎಂದು ಬರೆದು ಕನ್ನಡಿಯ ಮೇಲೆಯೇ ಅಂಟಿಸಿದೆ. ಓದಿದವರು ಯಾರೂ ನಂಬಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ವನಜಕ್ಕನ ಮಗಳ ಮದುವೆಯಲ್ಲಿ. ವನಜಕ್ಕನ ಮನೆ ಶಂಕರನಾರಾಯಣದ ಕಡೆ. ಮದುವೆ ನಡೆದದ್ದು ಬ್ರಹ್ಮಾವರದ ಒಂದು ಮದುವೆ ಹಾಲಿನಲ್ಲಿ, ಬೇಸಗೆಯ ಕೊನೆಯ ಮುಹೂರ್ತಗಳಲ್ಲೊಂದರಲ್ಲಿ. ಅವರ ಅಣ್ಣ ಚಂದ್ರಣ್ಣ ಬೊಂಬಾಯಿಯಲ್ಲಿ ಬಹುಕಾಲ ಹೋಟೆಲು ನಡೆಸಿ, ಅದನ್ನು ಮಕ್ಕಳಿಗೆ ಬಿಟ್ಟು ಉಪ್ಪುಂದದಲ್ಲಿ ಮನೆ ಕಟ್ಟಿಕೊಂಡವರು. ಅವರ ಕುಟುಂಬದಲ್ಲಿ ಸೋದರಮಾವನೆಂದರೆ ತಂದೆಗಿಂತ ಒಂದು ಮೆಟ್ಟಲು ಮೇಲೆ. ಸೊಸೆಯ ಕೈಹಿಡಿದು ಮಂಟಪಕ್ಕೆ ಕರೆತಂದವರು ಅವರೇ. ಧಾರೆ ಮುಗಿದದ್ದೇ ಪಂಚೆ ಎತ್ತಿ ಕಟ್ಟಿ ಊಟದ ಹಾಲಿಗೆ ಇಳಿದವರೂ ಅವರೇ. ಹೋಟೆಲಿನವರಿಗೆ ಬೇರೆಯವರು ಬಡಿಸುವುದನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದು ಆಗುವ ಮಾತಲ್ಲ.

ಗಂಡಿನ ಕಡೆಯವರಿಗೆ ಹೊರಡುವ ಅವಸರ. ವೇದಿಕೆಯ ಮೇಲೆ ಹೆಣ್ಣಿನ ಮನೆಯವರೆಲ್ಲ ಸಾಲಾಗಿ ನಿಂತರು. ಎಲ್ಲರೂ ಬಂದರೇ ಎಂದು ನಾನು ಕೇಳಿದೆ. ಬಂದರೆಂದು ವನಜಕ್ಕನೇ ಕೈಬೀಸಿದರು. ಮಗಳ ಮದುವೆಯ ದಿನ ತಾಯಿಗೆ ತನ್ನ ತಲೆ ಎಲ್ಲಿದೆಯೆಂಬುದೇ ಗೊತ್ತಿರುವುದಿಲ್ಲ, ಅಣ್ಣ ಎಲ್ಲಿದ್ದಾನೆಂಬುದು ಎಲ್ಲಿಂದ ಗೊತ್ತಾಗಬೇಕು? ಪಟ ತೆಗೆದಾಯಿತು, ಎಲ್ಲರೂ ಇಳಿದಾಯಿತು, ಆಗ ಚಂದ್ರಣ್ಣ ಸಾರಿನ ಕೈ ಒರೆಸಿಕೊಳ್ಳುತ್ತ ಬಂದರು. ಖಾಲಿ ವೇದಿಕೆಯನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದರು.

“ಮಂಟಪಕ್ಕೆ ಕೈ ಹಿಡ್ಕಂಡ್ ಬಪ್ಪುಕೆ ಮಾವ ಬೇಕ್. ಪಟಕ್ಕೆ ಬ್ಯಾಡ, ಅಲ್ದಾ?”

ಅಷ್ಟೇ. ಇನ್ನೂರು ಎಲೆಗೆ ಬಡಿಸಿದ ಮನುಷ್ಯ ತಾನು ಒಂದು ಅಗುಳು ಮುಟ್ಟದೆ ಕಾರು ಹತ್ತಿ ಹೊರಟುಹೋದರು.

ಹಳೆಯ ಕಾಲವಾಗಿದ್ದರೆ, ಗೆಳೆಯರೇ, ಇದೊಂದು ಸಮಸ್ಯೆಯೇ ಆಗಿರುತ್ತಿರಲಿಲ್ಲ. ಮದುವೆಯೆಂದ ಮೇಲೆ ಯಾರೋ ಒಬ್ಬರು ಸಿಟ್ಟಾಗಲೇಬೇಕು. ಯಾರೂ ಸಿಟ್ಟಾಗದ ಮದುವೆಯಲ್ಲಿ ನೆಂಟರು ಸಾಲದಾದರೆಂದೇ ಅರ್ಥ. ಆದರೆ ಆಲ್ಬಂ ಬರುವ ಹೊತ್ತಿಗೆ ಆ ಸಿಟ್ಟು ಎರಡು ಪೂಜೆ, ಒಂದು ಗೃಹಪ್ರವೇಶ, ಸತ್ತ ಯಾರದೋ ಬೊಜ್ಜದ ಊಟ ಇವುಗಳನ್ನೆಲ್ಲ ದಾಟಿ ಬಂದು, ಬಣ್ಣ ಮಾಸಿ, ನಗೆಯ ವಿಷಯವಾಗಿರುತ್ತಿತ್ತು. ನಮ್ಮ ಕುಲದವರ ಸೋಮಾರಿತನದಲ್ಲಿ ಇಂಥದೊಂದು ಪರೋಪಕಾರ ಅಡಗಿತ್ತೆಂಬುದು ಪರದೇಶದ ಗುರುವಿಗೆ ಹೇಗೆ ತಿಳಿಯಬೇಕು? ನಾನೋ, ಸುಧಾರಿಸಿದವನು. ಸಿಟ್ಟು ಇನ್ನೂ ಹಸಿಯಾಗಿರುವಾಗಲೇ ಕೆಲಸ ಮುಗಿಸಿ, ಆಲ್ಬಮ್ಮಿಗೆ ಪಟ ಆರಿಸಲು ಬನ್ನಿ ಎಂದು ವನಜಕ್ಕನಿಗೆ ಫೋನು ಮಾಡಿದೆ. ಆ ಕಡೆಯಿಂದ ಬಂದದ್ದು ಸಂತೋಷದ ಉದ್ಗಾರವಲ್ಲ. ಇಷ್ಟು ಬೇಗ ಯಾಕೆ ಮಾಡಿದಿರಿ ಎಂಬ ಪ್ರಶ್ನೆ. ನನ್ನ ವೃತ್ತಿಜೀವನದಲ್ಲಿ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಮರುದಿನ ಬಸ್ಸು ಹಿಡಿದು ಬಂದರು. ವಿಷಯ ಆಗ ತಿಳಿಯಿತು. ಮದುವೆಯ ನಂತರ ಹೊಸ ದಂಪತಿಗಳು ನೆಂಟರ ಮನೆಗಳಿಗೆ ಔತಣಕ್ಕೆ ಹೋಗಬೇಕಲ್ಲ, ಅವರ ಕುಟುಂಬದಲ್ಲಿ ಮೊದಲ ಊಟ ಸೋದರಮಾವನ ಮನೆಯಲ್ಲಿ. ಮಾವ ಕರೆಯಲಿಲ್ಲ. ಮಾವ ಕರೆಯದೆ ಬೇರೆಯವರ ಮನೆಗೆ ಹೋಗುವಂತಿಲ್ಲ. ಆಸಾಡಿ ತಿಂಗಳು ಹೊಕ್ಕರೆ ಔತಣದ ಮಾತೇ ಇಲ್ಲ. ಅಷ್ಟರೊಳಗೆ ಆಗದಿದ್ದರೆ, ತವರಿನಲ್ಲಿ ಹುಡುಗಿಗೆ ಮಾವನೇ ಇಲ್ಲವೆಂದು ಗಂಡಿನ ಮನೆಯವರು ತಿಳಿದಾರು. ಇಷ್ಟರ ಮೇಲೆ, ಚಂದ್ರಣ್ಣ ಇಲ್ಲದ ಪಟ ಆಲ್ಬಮ್ಮಿನ ನಡುಹಾಳೆಯಲ್ಲಿ ರಾರಾಜಿಸಿ ಊರೆಲ್ಲ ಸುತ್ತಿದರೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆಯೇ.

ಇಷ್ಟೇ ತಾನೆ ಎಂದುಕೊಂಡೆ. ಮಂಟಪದ ಪಟದಿಂದ ಚಂದ್ರಣ್ಣನನ್ನು ನಯವಾಗಿ ಕತ್ತರಿಸಿ ತೆಗೆದು, ತಂಗಿಯ ಪಕ್ಕದಲ್ಲಿ ನಿಲ್ಲಿಸಿ, ಬೆಳಕು ಹೊಂದಿಸಿ, ಕಾಲಡಿಗೆ ನೆರಳು ಕೂಡ ಹಾಕಿಕೊಟ್ಟೆ. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. ವನಜಕ್ಕ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಂದು ಬಹಳ ಹೊತ್ತು ನೋಡಿದರು.

“ಇದ್ರಗೆ ಅಣ್ಣಯ್ಯ ಬಂದ. ಆರೆ ಅವ್ನನ್ನ ಯಾರೂ ಕರಿಲಿಲ್ಲೆ ಅಲ್ದಾ?”

ನಾನು ಚಂದ್ರಣ್ಣನನ್ನು ಮತ್ತೆ ಪಟದಿಂದ ಇಳಿಸಿದೆ. ಅವರು ಚಹಾ ಕುಡಿದು, ಲೋಟ ಕೆಳಗಿಟ್ಟು, ನಿಮ್ಮ ಕಂಪ್ಯೂಟರು ಯಾವಾಗಲಾದರೂ ಹಾಳಾಗುವುದುಂಟೇ ಎಂದು ವಿಚಾರಿಸಿದರು. ನಾನು ಉಬ್ಬಿಹೋದೆ. ಒಂದೇ ಪಟ ಮೂರು ಕಡೆ ಇರುವುದು, ಒಂದು ಸುಟ್ಟರೆ ಇನ್ನೊಂದು, ಅದು ಮುಳುಗಿದರೆ ಮತ್ತೊಂದು, ಪ್ರಳಯವಾದರೂ ನಿಮ್ಮ ಮಗಳ ಮದುವೆ ಉಳಿಯುತ್ತದೆ ಎಂದು ವಿವರಿಸುತ್ತ ಹೋದೆ. ಅವರು ತಾಳ್ಮೆಯಿಂದ ಕೇಳಿದರು.

“ಒಂದ್ ಸಲ ಹಾಳಾಗ್ಲಿ ಮಾರಾಯ್ರೆ,” ಎಂದರು. “ನಾನ್ ಹೋಯಿ ತಪ್ಪಾಯ್ತ್ ಅಂದ್ರೆ ಅವ್ನಿಗೆ ನಾಚ್ಕಿ. ಅವ ತಾನಾಯಿ ಬಂದ್ರೆ ಊರವ್ರ್ ನಗಾಡ್ತ್ರ್. ನೀವ್ ಹಾಳ್ ಮಾಡ್ರೆ ಇಬ್ರಿಗೂ ಮರ್ಯಾದಿ ಒಳಿತ್ತ್.”

ಇಬ್ಬರಿಗೂ ಉಳಿಯುವ ಆ ಮರ್ಯಾದೆ ಯಾರ ಗಂಟಿನಿಂದ ಹೋಗುತ್ತದೆಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಡೀ ಮಳೆಗಾಲ ಕೂತು ಕಟ್ಟಿದ ಹೆಸರು. ಅದು ಹೀಗೆ ಚಹಾ ಲೋಟದ ಪಕ್ಕದಲ್ಲಿ ಕರಗಿತು. ಅವರೆದುರಿಗೇ ಚಂದ್ರಣ್ಣನಿಗೆ ಫೋನು ಹಚ್ಚಿ, ಮನೆಯವರೆಲ್ಲ ನಿಂತ ಪಟ ಕೆಟ್ಟುಹೋಗಿದೆ, ಇನ್ನೊಮ್ಮೆ ಎಲ್ಲರನ್ನೂ ಸೇರಿಸಿ ತೆಗೆಯಬೇಕಾಗಿದೆ, ದಯವಿಟ್ಟು ನೀವೂ ಬರಬೇಕು ಎಂದು ದೀನಸ್ವರದಲ್ಲಿ ನಿವೇದಿಸಿದೆ. ಅವರು ಮೊದಲು ನನ್ನ ಕೆಲಸವನ್ನು, ಆಮೇಲೆ ನನ್ನ ಕಂಪ್ಯೂಟರನ್ನು, ಬಳಿಕ ಹೊಸ ಕಾಲವನ್ನು ಕ್ರಮವಾಗಿ ಬೈದರು. ಉಸಿರು ತೆಗೆದುಕೊಳ್ಳಲು ನಿಂತಾಗ, ಎಷ್ಟು ಪಟ ಹಾಳಾಗಿದೆ ಎಂದು ಕೇಳಿದರು. ಅದೊಂದೇ ಎಂದೆ.

“ಅದೊಂದೇಯಾ? ನಾನ್ ಹೋಟ್ಲ್ ಮಾಡ್ದವ ಹ್ವಾಯ್. ಇಡೀ ಅಟ್ಟಿ ಇಡ್ಲಿ ಬೆಂದ್, ಮಧ್ಯದ್ದ್ ಒಂದೇ ಹಸಿ ಒಳ್ದದ್ದ್ ನಾ ಕಂಡದ್ದಿಲ್ಲೆ.”

ವನಜಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಫೋನಿನ ಆಚೆ ಯಾರೋ ತೆಂಗಿನಕಾಯಿ ಸುಲಿಯುವ ಸದ್ದು ಕೇಳಿ, ನಿಂತು, ಮತ್ತೆ ಕೇಳಿತು.

“ಏಗಳಿಕೆ ಬರ್ಕ್?” ಎಂದು ಚಂದ್ರಣ್ಣ ದಿನ ಕೇಳಿದರು.

ಆಸಾಡಿಗೆ ಇನ್ನು ಕೆಲವೇ ದಿನಗಳಿರುವಾಗ, ಮಳೆ ಹೊಳವಾದ ಒಂದು ಬೆಳಿಗ್ಗೆ, ಶಂಕರನಾರಾಯಣದ ಆ ಮನೆಯಂಗಳದಲ್ಲಿ ಮದುವೆ ಎರಡನೆಯ ಸಲ ನಡೆಯಿತು. ಪೆಟ್ಟಿಗೆ ಸೇರಿದ್ದ ಪಟ್ಟೆಸೀರೆಗಳು ಮತ್ತೆ ಹೊರಬಂದವು. ಮದುಮಗಳ ಕೈಯ ಮೆಹಂದಿ ಮಾಸಿತ್ತು, ಮದುಮಗನ ಮೀಸೆ ಹೋಗಿತ್ತು. ಚಂದ್ರಣ್ಣ ಅದೇ ಜರಿಯ ಶಾಲು ಹೊದ್ದು ಬಂದು ಅಂಗಳದ ತುದಿಯಲ್ಲಿ ನಿಂತರು. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರೂ ನನ್ನನ್ನು ನೋಡಿದರು. ಒಬ್ಬರು ಆರಂಭಿಸಿದ ಬೈಗುಳವನ್ನು ಇನ್ನೊಬ್ಬರು ಮುಗಿಸುತ್ತಿದ್ದರು. ಹುಟ್ಟಿದಂದಿನಿಂದ ಅವರು ಅಷ್ಟು ಒಮ್ಮತದಿಂದ ಯಾವ ವಿಷಯದಲ್ಲೂ ಮಾತಾಡಿರಲಾರರು. ಪಟದವರೆ, ಅವಳಿಗೆ ಒಂಚೂರು ಈಚೆ ಬರಲು ಹೇಳಿ ಎಂದು ಅಣ್ಣ. ಪಟದವರೆ, ಅವನ ಶಾಲು ಸಮ ಇಲ್ಲವೆಂದು ಹೇಳಿ ಎಂದು ತಂಗಿ. ಇಬ್ಬರ ನಡುವೆ ಮೂರಡಿ ಜಾಗ. ಆ ಮೂರಡಿಗೆ ದುಭಾಷಿ ನಾನು.

ಶಾಲಿನ ಸುದ್ದಿಯನ್ನು ಮೂರನೆಯ ಸಲ ತಲುಪಿಸಿದರೂ ಅದು ಸಮವಾಗಲಿಲ್ಲ. ವನಜಕ್ಕ ತಡೆಯಲಾರದೆ ತಾವೇ ಹೋಗಿ ಅಣ್ಣನ ಹೆಗಲ ಮೇಲಿನ ಶಾಲನ್ನು ಎಳೆದು ಸರಿಮಾಡತೊಡಗಿದರು. ಕೈ ಅಲ್ಲಿಯೇ ನಿಂತಿತು.

“ಅವತ್ತ್ ಉಣ್ದೆ ಹೋದ್ಯಲ ಅಣ್ಣಯ್ಯ. ನಂಗ್ ಅನ್ನ ಗಂಟ್ಲಲ್ಲ್ ಇಳೀಲಿಲ್ಲೆ.”

“ನಂಗ್ ಇಳ್ದೀತ್ ಅಂದ್ ಮಾಡಿದ್ಯಾ ಹೆಣೆ?”

ಯಾರೂ ಅಲುಗಲಿಲ್ಲ. ನಾನು ಕ್ಯಾಮರಾದ ಗುಂಡಿ ಒತ್ತಿದೆ, ಒತ್ತಿದ ಸದ್ದಿಗೆ ಚಂದ್ರಣ್ಣ ನನ್ನ ಕಡೆ ತಿರುಗಿ, ಕಣ್ಣೊರೆಸಿಕೊಳ್ಳುವ ಕೈಯಿಂದಲೇ ಗದರಿಸಿದರು. “ಎಂತ ಕಾಣ್ತ್ರಿ ಹ್ವಾಯ್, ಇದನ್ನೂ ಹಾಳ್ ಮಾಡುಕಾ?”

ಆಮೇಲೆ ಎಲ್ಲರೂ ನೆಟ್ಟಗೆ ನಿಂತು, ಕತ್ತು ಚಾಚಿ, ಉಸಿರು ಬಿಗಿಹಿಡಿದು ಬೇಕಾದಷ್ಟು ಪಟ ತೆಗೆಸಿಕೊಂಡರು. ಜೊಳ್ಳು ಹಾರಿಸಲೆಂದು ಕಂಪ್ಯೂಟರಿಗೆ ಹಾಕಿಕೊಂಡಿದ್ದ ನನ್ನ ಸಾಫ್ಟ್‌ವೇರ್ ಅವೆಲ್ಲವನ್ನೂ ಗಟ್ಟಿಕಾಳೆಂದು ಉಳಿಸಿಕೊಂಡು, ಶಾಲಿನ ಪಟವನ್ನು ಮಾತ್ರ ಹೊರಗೆ ಹಾಕಿತು: ಒಬ್ಬರ ಬೆನ್ನು ಕಾಣುತ್ತದೆ, ಇನ್ನೊಬ್ಬರ ಬಾಯಿ ತೆರೆದಿದೆ, ಮದುಮಗ ಎಲ್ಲೋ ನೋಡುತ್ತಿದ್ದಾನೆ. ಅದು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆಲ್ಬಮ್ಮಿನ ನಡುಹಾಳೆಗೆ ಅದನ್ನೇ ಹಾಕಿದೆ, ಬಣ್ಣ ಕೂಡ ತಿದ್ದದೆ.

ಮಾವನ ಮನೆಯ ಔತಣ ಆ ಭಾನುವಾರವೇ ಆಯಿತು. ಪಟ ಹಾಳು ಮಾಡಿದವರಿಲ್ಲದೆ ಊಟವಿಲ್ಲ ಎಂದು ನನ್ನನ್ನೂ ಕರೆದಿದ್ದರು. ಉಪ್ಪುಂದದ ಆ ಪಂಕ್ತಿಯಲ್ಲಿ ಚಂದ್ರಣ್ಣ ತಾವೇ ಸೌಟು ಹಿಡಿದು, ಸೊಸೆಗೂ ಅಳಿಯನಿಗೂ ಬೇಡವೆಂದರೂ ಬಡಿಸುತ್ತ, ಪ್ರತಿ ಎಲೆಯ ಮುಂದೂ ನಿಂತು ನನ್ನ ಅಸಮರ್ಥತೆಯ ಕಥೆಯನ್ನು ಹೊಸ ಹೊಸ ವಿವರಗಳೊಂದಿಗೆ ಹೇಳಿದರು. ನನ್ನ ಎಲೆಯ ಮುಂದೆ ಬಂದಾಗ ಮಾತ್ರ ಏನೂ ಹೇಳದೆ ಎರಡು ಸೌಟು ಪಾಯಸ ಹೆಚ್ಚು ಸುರಿದರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟು ಮನೆಗಳಲ್ಲಿ ಅವರಿಗೆ ನೆಂಟಸ್ತಿಕೆಯಿದೆಯೋ ಅಷ್ಟು ಮನೆಗಳಲ್ಲೂ, ಪಟ ಕಳೆಯುವ ಸ್ಟುಡಿಯೊ ಎಂದು ನನ್ನ ಹೆಸರು ನೆಲೆಗೊಂಡಿತು. ಇನ್ನು ಈ ವರ್ಷ ಬಾಗಿಲು ಮುಚ್ಚಿದಂತೆಯೇ ಎಂದುಕೊಂಡೆ.

ಮೊನ್ನೆ ಅಮಾಸೆಬೈಲಿನ ಕಡೆಯ ಒಬ್ಬ ಹೆಂಗಸು ಮಗನ ಮದುವೆಗೆ ಗೊತ್ತುಮಾಡಲು ಬಂದಿದ್ದರು. ಮುಹೂರ್ತ ಹೇಳಿದರು, ಮದುವೆ ಹಾಲ್ ಯಾವುದೆಂದು ಹೇಳಿದರು. ಬೇಗ ಕೊಡುತ್ತೇನೆಂದು ನಾನು ಬಾಯಿಪಾಠ ಒಪ್ಪಿಸಲು ಹೊರಟರೆ ಅದರಲ್ಲಿ ಅವರಿಗೇನೂ ಆಸಕ್ತಿಯಿರಲಿಲ್ಲ. ಎದ್ದು ನಿಂತು, ಚೀಲ ಹೆಗಲಿಗೇರಿಸಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೇಜಿನ ಮೇಲೆ ಬಾಗಿದರು.

“ಅಗತ್ಯ ಬಿದ್ರೆ ನಿಮ್ಮಲ್ಲ್ ಒಂದೆರಡ್ ಪಟ ಹಾಳಾತ್ತ್ ಅಂಬ್ರ್, ಹೌದಾ?”

“ಆತ್ತ್,” ಎಂದೆ. “ಆರೆ ಯಾರ್ ಯಾರಿಗೆ ಮಾತಿಲ್ಲೆ ಅಂದ್ ಮುಂಚೆ ಹೇಳ್ಕ್.”

ಅವರು ಚೀಲ ಇಳಿಸಿ ಮತ್ತೆ ಕೂತರು.