ಬಳೆ ಕಳಚದ ಕೈ

ಬೆಳಗ್ಗೆ ಎದ್ದಾಗ ನಿಮ್ಮ ಬೆರಳು ನಿಮ್ಮ ಮಾತನ್ನೇ ಕೇಳದೆ ಇದ್ದದ್ದು ಉಂಟಾ? ಮುಷ್ಟಿ ಕಟ್ಟಲು ಹೋದರೆ ಅರ್ಧಕ್ಕೇ ನಿಂತದ್ದು? ನನಗೆ ಆಗಿದೆ. ಅದೂ ಮದುವೆಯಾದ ಹೊಸದರಲ್ಲಿ.

ಅರವತ್ತರ ದಶಕದ ಶುರು. ಧಾರವಾಡ ಕಡೆಯ ಹಳ್ಳಿಯಿಂದ ದಾಂಡೇಲಿಗೆ ಬಂದಿದ್ದೆ. ಗಂಡನಿಗೆ ಕಾಗದದ ಗಿರಣಿಯಲ್ಲಿ ಪಾಳಿ ಕೆಲಸ. ಅವರು ಮನೆಯಲ್ಲಿದ್ದರೆ ನಿದ್ದೆ, ಎದ್ದರೆ ಗಿರಣಿ. ಬೆಳಗ್ಗೆ ಸಾಲುಮನೆಯ ಗೋಡೆಗಳಾಚೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಾನೂ ಬಡಿಯುತ್ತಿದ್ದೆ. ನನಗಿದ್ದ ಒಡನಾಟ ಅಷ್ಟೇ.

ಆ ಚಳಿಗಾಲ ನನ್ನ ಮನೆಯ ಸದ್ದು ನಿಂತಿತು. ಎರಡೂ ಮಣಿಕಟ್ಟು ಊದಿದ್ದವು, ಗೆಣ್ಣುಗಳು ಮುಟ್ಟಿದರೆ ಬಿಸಿ. ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲ. ಊರ ಪಕ್ಕದ ಹೊಳೆಯ ಥಂಡಿ ಇರಬೇಕು ಅಂದುಕೊಂಡು ರೊಟ್ಟಿಯ ಬದಲು ಅನ್ನ ಬೇಯಿಸಿಟ್ಟೆ. ಗಂಡ ಏನೂ ಅನ್ನದೆ ಉಂಡು ಮಲಗಿದರು. ಬೈದಿದ್ದರೆ ಎರಡು ಮಾತಾದರೂ ಆಗುತ್ತಿತ್ತು.

ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಳು. "ಯಾಕವ್ವಾ, ನಿನ್ನ ಮನ್ಯಾಗ ರೊಟ್ಟಿ ಸಪ್ಪಳಾನ ಇಲ್ಲ? ಅನ್ನಾ ಉಣ್ಣೂ ಸಾಹೇಬರ ಮಂದಿ ಆದ್ರೇನು ನೀವು?"

ಕೈ ತೋರಿಸಿದೆ.

"ಅಯ್ಯ, ಬಳಿ ಬಿಗಿ ಆಗ್ಯಾವ! ಬಸರಿ ಆಗೀ ಏನ?"

"ಇಲ್ರೀ ಅಕ್ಕಾ, ಹೋದ ವಾರನ ಹೊರಗ ಕುಂತಿದ್ನಲ್ರಿ."

"ಹಂಗಾರ ಡಾಕ್ಟರ್‌ಗೆ ತೋರ್ಸು," ಎಂದು ಹೋದಳು.

ಗಂಡನ ವಾರದ ರಜೆಯಂದು ಬಸ್ಸು ಹತ್ತಿ ಹಳಿಯಾಳಕ್ಕೆ ಹೋದೆವು. ಡಾಕ್ಟರು ಗೆಣ್ಣು ಒತ್ತಿ ನೋಡಿದರು. "ಎರಡೂ ಕೈಗೆ ಐತೇನ್ರಿ? ಮುಂಜಾನೆ ಬಿಗಿ ಭಾಳ ಹೊತ್ತು ಇರತೈತಿ?" ಹೂಂ ಅಂದೆ. "ಸಂಧಿವಾತ ಇರಬಹುದು. ಕೈಗೆ ಪಟ್ಟಿ ಕಟ್ಟಬೇಕು, ಬಳಿ ತೆಗೀರಿ."

ಸಾಬೂನು ಹಚ್ಚಿದರೂ ಬಳೆ ಗೆಣ್ಣು ದಾಟಲಿಲ್ಲ.

"ಒಡೀಬೇಕಾಗತೈತಿ."

ನಾನು ಕೈ ಎಳೆದುಕೊಂಡೆ. ಗಂಡ ಇರುವಾಗ ಕೈಯ ಮೇಲಿನ ಬಳೆ ಒಡೆಸಿಕೊಳ್ಳುವುದೆಂದರೆ! ಮೂಲೆಯಲ್ಲಿ ನಿಂತಿದ್ದ ನನ್ನ ಮೂಕ ಗಂಡ ಆಗ ಬಾಯಿಬಿಟ್ಟರು: "ನಾ ಇಲ್ಲೇ ಜೀವಂತ ನಿಂತೇನಲ್ಲ? ಒಡೀರಿ ಡಾಕ್ಟ್ರ."

ಬಟ್ಟೆ ಸುತ್ತಿ ಒಡೆದರು. ಮಾತ್ರೆ ಕೊಟ್ಟು, ಮಣಿಕಟ್ಟಿಗೆ ಸಣ್ಣ ಹಲಗೆ ಇಟ್ಟು ಪಟ್ಟಿ ಕಟ್ಟಿದರು. "ಪೂರಾ ಹೋಗೂ ರೋಗ ಅಲ್ಲ. ಕೈ ಸೊಟ್ಟ ಆಗೂದ್ರೊಳಗ ಬಂದೀರಿ, ಛಲೋ ಆತು," ಎಂದರು.

ಬಳೆಯಿಲ್ಲದ ಕೈ ನೋಡಿ ಸಾಲುಮನೆಯ ಹೆಂಗಸರು ಮುಖ ತಿರುವಿದರು. ಪಕ್ಕದ ಮನೆಯಾಕೆಯೂ. ಆ ಸಂಕ್ರಾಂತಿಗೆ ಅರಿಶಿನ ಕುಂಕುಮಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಅವರು ಎಳ್ಳು ಹಂಚುತ್ತ ಬಾಗಿಲ ಮುಂದೆಯೇ ಹಾದುಹೋದರು. ನಾನು ಒಳಗೆ ಕೂತು ಬೆರಳು ಮಡಚಿ ಬಿಚ್ಚಿ ನೋಡಿದೆ. ನೋವಿತ್ತು, ಆದರೆ ಮುಷ್ಟಿ ಪೂರ್ತಿ ಕಟ್ಟಿತು. ತೋರಿಸೋಣವೆಂದರೆ ಗಂಡ ಪಾಳಿಗೆ ಹೋಗಿದ್ದರು.

ನಿಮ್ಮ ಕೈ ಮೊದಲ ಸಲ ಹೀಗೆ ಹಟ ಹಿಡಿದದ್ದು ಯಾವಾಗ? ಯಾರಿಗೆ ಹೇಳಿದಿರಿ, ಅವರು ಏನಂದರು? ಕೆಳಗೆ ಬರೆಯಿರಿ, ಒಂದೊಂದನ್ನೂ ಓದುತ್ತೇನೆ.